ಮೊಳಕೆ ರಾಗಿ ಬೀಸಲು ಕೈಗಿರಣಿಗೆ ಮೋಟಾರು

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಬೀಸಿ ಮಗುವಿಗೆ ಸರಿ ಮಾಡುವುದು ನಿಮಗೆ ಹೊಸತೇನಲ್ಲ. ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಈ ಕೆಲಸ ಊರಿನ ಹಿಟ್ಟಿನ ಗಿರಣಿಗೆ ಹೋಯಿತು. ಅಲ್ಲಿ ನಿಮಗಿಂತ ಮುಂಚೆ ಮೆಣಸಿನಕಾಯಿ ಬೀಸಿಸಿದವರಿದ್ದರೆ ಆ ಖಾರವೇ ಮಗುವಿನ ಹಿಟ್ಟಿಗೂ ಬರುತ್ತದೆ. ಒಂದೆರಡು ಸೇರಿಗಾಗಿ ಗಿರಣಿ ಹಾಕಲು ಯಜಮಾನನೂ ಒಪ್ಪುವುದಿಲ್ಲ. ಆದ್ದರಿಂದ ಮನೆಯಲ್ಲಿರುವ ಕಬ್ಬಿಣದ ಕೈಗಿರಣಿಗೆ ಮೋಟಾರು ಜೋಡಿಸುವ ಬಗೆಯನ್ನು ಈ ದಿನ ತಿಳಿಸುತ್ತೇನೆ.

ಮೊದಲು ಕಾಳಿನ ವಿಚಾರ. ಮೊಳಕೆಯೊಡೆದಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಈ ಹಿಟ್ಟಿನ ಗಂಜಿ ಬೇಯುವಾಗ ಅಂಟುಕಟ್ಟದೆ ತೆಳ್ಳಗಾಗುತ್ತದೆ. ತಾಯಂದಿರು ಇದನ್ನು ದೋಷವೆಂದು ತಿಳಿಯಬಾರದು. ಆರು ತಿಂಗಳು ತುಂಬಿದ ಮಗುವಿನ ಹೊಟ್ಟೆ ಚಿಕ್ಕದು. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸುಲಭವಾಗಿ ನುಂಗಬಲ್ಲದು. ಹುರಿಹಿಟ್ಟಿಗೆ ಈ ಗುಣವಿಲ್ಲ. ಅರಳು ಹುರಿಯುವ ಶಾಖದಲ್ಲಿ ಕಿಣ್ವ ಉಳಿಯುವುದಿಲ್ಲ.

ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಾರ್ಲಿಯನ್ನು ಹೀಗೆಯೇ ಮೊಳಕೆ ಕಟ್ಟಿಸಿದ ಮಾಲ್ಟನ್ನು ಎರಡು ಉರುಳೆಗಳ ಸಣ್ಣ ಗಿರಣಿಯಲ್ಲಿ ಒಡೆಯುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಆ ಮಾತು ಇಲ್ಲಿಗೆ ಬೇಡ. ಅವರ ಗಿರಣಿಯೂ ನಮಗೆ ಒಗ್ಗದು. ಬಾರ್ಲಿಯ ಹೊಟ್ಟು ಇಡಿಯಾಗಿ ಉಳಿದು ರಸ ಸೋಸುವ ಜರಡಿಯಾಗಬೇಕೆಂಬುದು ಅವರ ಉದ್ದೇಶ. ರಾಗಿಯ ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಕಾಳೂ ಬಹಳ ಸಣ್ಣದು. ನಮಗೆ ಅರೆಯುವ ತಟ್ಟೆಗಳ ಕೈಗಿರಣಿಯೇ ಸರಿ.

ಕಲ್ಲು ಮಣ್ಣಿಲ್ಲದ ರಾಗಿಯನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದರಿಂದ ಎರಡು ದಿನ ಕಟ್ಟಿಡಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಕೇರಿಬಿಡಿ. ಬೇರು ಉಳಿದರೆ ಕಹಿ. ಬಾಣಲೆಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಕಪ್ಪಾಗಲು ಬಿಡಬೇಡಿ. ಬೀಸುವ ಮುನ್ನ ಕಿಲೋಗೆ 30ರಿಂದ 50 ಮಿ.ಲೀ. ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಸ್ವಲ್ಪ ನಾರುಗಟ್ಟಿ ಪುಡಿಯಾಗದೆ ದಪ್ಪಗೆ ಉಳಿಯುತ್ತದೆ, ಜರಡಿಯಲ್ಲಿ ಬೇರೆಯಾಗುತ್ತದೆ. ದೊಡ್ಡವರ ಹಿಟ್ಟಿಗೆ ಈ ಶ್ರಮ ಬೇಕಿಲ್ಲ. ಸಿಪ್ಪೆಯಲ್ಲಿ ನಾರೂ ಸುಣ್ಣಾಂಶವೂ ಇವೆ.

ಈಗ ಮೋಟಾರು. ಕೈಯಲ್ಲಿ ನಾವು ನಿಮಿಷಕ್ಕೆ ಸುಮಾರು 60 ಸುತ್ತು ತಿರುಗಿಸುತ್ತೇವೆ. ಮಾರುಕಟ್ಟೆಯ ಸಾಮಾನ್ಯ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ನೇರವಾಗಿ ಜೋಡಿಸಿದರೆ ತಟ್ಟೆ ಕಾದು ಹಿಟ್ಟು ಸೀಯುತ್ತದೆ. ಮೋಟಾರಿಗೆ 3 ಅಂಗುಲದ ಪುಲ್ಲಿ, ನಡುವಣ ಶಾಫ್ಟಿಗೆ 12 ಅಂಗುಲದ್ದು ಹಾಕಿದರೆ ವೇಗ ನಾಲ್ಕನೇ ಒಂದಾಗಿ 360ಕ್ಕೆ ಇಳಿಯುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಗೆ 3 ಅಂಗುಲ, ಗಿರಣಿಗೆ 12 ಅಂಗುಲ ಹಾಕಿದರೆ 90. ಇದು ಸಾಕು. 3 ಅಂಗುಲಕ್ಕಿಂತ ಚಿಕ್ಕ ಪುಲ್ಲಿಯ ಮೇಲೆ ಎ ಗಾತ್ರದ ವಿ-ಬೆಲ್ಟು ಅತಿಯಾಗಿ ಬಾಗಿ ಬೇಗ ಬಿರುಕು ಬಿಡುತ್ತದೆ.

ಅರ್ಧ ಅಶ್ವಶಕ್ತಿಯ ಮೋಟಾರು ಸಾಕು. ಇನ್ನೂ ದೊಡ್ಡದಿರಲೆಂಬ ಆಸೆ ಬೇಡ. ತಟ್ಟೆಯ ನಡುವೆ ಕಲ್ಲು ಸಿಕ್ಕಾಗ ದೊಡ್ಡ ಮೋಟಾರು ನಿಲ್ಲುವುದಿಲ್ಲ, ಗಿರಣಿಯ ಎರಕದ ಮೈ ಒಡೆಯುತ್ತದೆ. ಇದೇ ಕಾರಣಕ್ಕೆ ಸೈಕಲ್ ಚೈನಿಗಿಂತ ಬೆಲ್ಟೇ ಮೇಲು. ಕಲ್ಲು ಸಿಕ್ಕರೆ ಅದು ಜಾರುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಅರ್ಧ ಅಂಗುಲ ತಗ್ಗುವಂತಿರಲಿ. ಗಿರಣಿ ಕೈಯಲ್ಲಿ ತಿರುಗುತ್ತಿದ್ದ ದಿಕ್ಕಿಗೇ ತಿರುಗುತ್ತಿದೆಯೇ ನೋಡಿ, ಇಲ್ಲದಿದ್ದರೆ ಒಳಗಿನ ತಿರುಪು ಕಾಳನ್ನು ಹಿಂದಕ್ಕೆ ತಳ್ಳುತ್ತದೆ. ಎಲೆಕ್ಟ್ರಿಷಿಯನ್ ವೈರು ಬದಲಿಸಿ ಸರಿಮಾಡಿಕೊಡುತ್ತಾರೆ.

ನಾನು ಒತ್ತಿ ಹೇಳಬೇಕಾದದ್ದು ಇನ್ನು ಮುಂದಿದೆ. ಬೆಲ್ಟು ಪುಲ್ಲಿಗಳೆಲ್ಲ ತಗಡಿನ ಅಥವಾ ತಂತಿ ಬಲೆಯ ಕವಚದೊಳಗೆ ಇರಬೇಕು. ಈ ಯಂತ್ರದ ಮುಂದೆ ಕೂರುವವರು ಹೆಚ್ಚಾಗಿ ಹೆಂಗಸರು. ಸೆರಗಾಗಲಿ ಜಡೆಯಾಗಲಿ ಒಮ್ಮೆ ಸಿಕ್ಕಿದರೆ ಬಿಡಿಸಲು ಸಮಯವಿರುವುದಿಲ್ಲ. ಕವಚದ ಖರ್ಚು ಆಮೇಲೆ ನೋಡೋಣ ಎನ್ನುವವರು ಮೋಟಾರನ್ನೂ ಆಮೇಲೆಯೇ ಕೊಳ್ಳಲಿ. ಮೋಟಾರು ಜೋಡಿಸುವ ದಿನವೇ ಗಿರಣಿಯ ಹಿಡಿಯನ್ನು ಬಿಚ್ಚಿ ತೆಗೆದಿಡಿ. ತಿರುಗುವ ಹಿಡಿ ಮಣಿಕಟ್ಟು ಮುರಿಯುತ್ತದೆ. ಕಾಳು ಸುರಿಯುವ ಬಾಯಿಗೆ ಮಕ್ಕಳ ಬೆರಳು ತೂರದಂತೆ ಸರಳು ಹಾಕಿಸಿ. ಸ್ವಿಚ್ಚು ಕುಳಿತಲ್ಲಿಂದಲೇ ಕೈಗೆ ಎಟುಕಬೇಕು. ಭೂಸಂಪರ್ಕ ತಪ್ಪಿಸಬೇಡಿ.

ಯಂತ್ರ ಓಡಿದ ಮೇಲೆ ಕಾಳು ಸುರಿಯಿರಿ. ತುಂಬಿದ ಗಿರಣಿಯನ್ನು ಚಾಲೂ ಮಾಡಿದರೆ, ಅದೂ ವೋಲ್ಟೇಜು ಕಡಿಮೆಯಿದ್ದಾಗ, ಮೋಟಾರು ತಿರುಗಲಾರದೆ ಗುಂಯ್‌ಗುಟ್ಟಿ ಸುಡುತ್ತದೆ. ಹೊಸ ತಟ್ಟೆಗಳಲ್ಲಿ ಮೊದಲು ಒಂದೆರಡು ಸೇರು ಅಗ್ಗದ ಕಾಳು ಬೀಸಿ ಚೆಲ್ಲಿ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಬರುವ ಹಿಟ್ಟನ್ನು ಆಗಾಗ ಅಂಗೈಗೆ ಹಾಕಿ ನೋಡಿ. ಬಿಸಿ ಮುಟ್ಟಿದರೆ ತಟ್ಟೆಗಳನ್ನು ಸ್ವಲ್ಪ ಸಡಿಲಿಸಿ ಎರಡು ಸಲ ಬೀಸಿ. ಕೆಲಸವಾದ ಮೇಲೆ ಪ್ಲಗ್ ಕಿತ್ತು ಒಣ ಬ್ರಷ್ಷಿನಿಂದ ಒರೆಸಿ. ನೀರು ಹಾಕಿದರೆ ತಟ್ಟೆಗೆ ತುಕ್ಕು ಹಿಡಿಯುತ್ತದೆ. ಚಿಮುಕಿಸಿದ ನೀರಿನ ಪಸೆ ಹಿಟ್ಟಿನಲ್ಲಿ ಉಳಿದಿರುವುದರಿಂದ, ಅದನ್ನು ನೆರಳಿನಲ್ಲಿ ಹರವಿ ಆರಿಸಿದ ಮೇಲೆಯೇ ಡಬ್ಬಿಗೆ ತುಂಬಿ.