ಟ್ಯಾಂಕ್ ಮುಂದೆ, ಟ್ಯಾಂಕರ್ ಹಿಂದೆ

ಯುದ್ಧ ಅಂದ ತಕ್ಷಣ ಟಿವಿಯಲ್ಲಿ ನಾವು ಏನು ತೋರಿಸ್ತೀವಿ? ಕ್ಷಿಪಣಿ, ಫೈಟರ್ ಜೆಟ್, ಟ್ಯಾಂಕ್. ಜೊತೆಗೆ ಒಂದಿಷ್ಟು ಅಬ್ಬರದ ಮ್ಯೂಸಿಕ್. ಡೀಸೆಲ್ ಹೊತ್ತು ಹಿಂದಿನಿಂದ ಬರುವ ಲಾರಿಯನ್ನು ಯಾರೂ ತೋರಿಸೋದಿಲ್ಲ. ಇವತ್ತು ಆ ಲಾರಿಯ ಬಗ್ಗೆ ಮಾತಾಡೋಣ.

2022ರ ಫೆಬ್ರವರಿ ಕೊನೆ. ಉಕ್ರೇನ್ ರಾಜಧಾನಿ ಕೀವ್ ಕಡೆಗೆ ರಷ್ಯಾದ ಸೇನಾ ವಾಹನಗಳ ಸಾಲು ಹೊರಟಿತ್ತು. ಉಪಗ್ರಹ ಚಿತ್ರಗಳಲ್ಲಿ ಅದರ ಉದ್ದ ಸುಮಾರು 64 ಕಿಲೋಮೀಟರ್. ಬೆಂಗಳೂರಿನಿಂದ ಚನ್ನಪಟ್ಟಣದವರೆಗೆ ಬರೀ ಸೇನಾ ವಾಹನ ಅಂದ್ಕೊಳ್ಳಿ! ಕೀವ್ ಕಥೆ ಮುಗೀತು ಅಂತ ಎಷ್ಟೋ ಜನ ತೀರ್ಪು ಕೊಟ್ಟಿದ್ದರು. ಆಗಿದ್ದೇನು? ಸಾಲು ರಸ್ತೆಯಲ್ಲೇ ನಿಂತುಬಿಡ್ತು. ಪಕ್ಕದ ಹೊಲಗಳಲ್ಲಿ ಕೆಸರು, ಡಾಂಬರು ಬಿಟ್ಟು ಇಳಿಯೋ ಹಾಗಿಲ್ಲ. ಮುಂದೆ ಸೇತುವೆಗಳು ಉರುಳಿದ್ದವು. ಡೀಸೆಲ್ಲಿಗೂ ತತ್ವಾರ, ಊಟಕ್ಕೂ ತತ್ವಾರ. ಉಕ್ರೇನಿನ ಸಣ್ಣ ಸಣ್ಣ ತುಕಡಿಗಳು ಬಂದು ಹೊಡೆದು ಮಾಯವಾಗ್ತಿದ್ದವು. ಡೀಸೆಲ್ ಖಾಲಿಯಾದ ಎಷ್ಟೋ ವಾಹನಗಳನ್ನು ಸೈನಿಕರು ಇದ್ದಲ್ಲೇ ಬಿಟ್ಟು ಹೋದರು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾ ಪಡೆ ಕೀವ್ ಸುತ್ತಮುತ್ತಲಿನಿಂದ ವಾಪಸ್. ಇಂಧನವೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಅದಿಲ್ಲದೆ ಆ ಸೋಲಿನ ಲೆಕ್ಕ ಪೂರ್ತಿಯಾಗೋದಿಲ್ಲ.

ಲೆಕ್ಕ ಸರಳ. ಅಮೆರಿಕದ ಅಬ್ರಾಮ್ಸ್ ಟ್ಯಾಂಕಿಗೆ ಸುಮಾರು 1,900 ಲೀಟರ್ ಇಂಧನ ಹಿಡಿಸುತ್ತೆ. ಓಡೋದು ಹೆಚ್ಚೆಂದರೆ 425 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ನಾಲ್ಕು ಲೀಟರಿಗೂ ಹೆಚ್ಚು! ಆ ಟ್ಯಾಂಕಿನ ಉಕ್ಕಿನ ಕವಚ ಭೇದಿಸೋದು ಕಷ್ಟ. ಆದರೆ ಅದಕ್ಕೆ ಎಣ್ಣೆ ತರುವ ಟ್ಯಾಂಕರ್? ತೆಳು ತಗಡು. ದಿನವೂ ಬರಲೇಬೇಕು, ಬಹಳ ಸಲ ಅದೇ ರಸ್ತೆಯಲ್ಲಿ. ಶತ್ರು ನೀವಾಗಿದ್ದರೆ ಯಾವುದಕ್ಕೆ ಗುರಿ ಇಡ್ತೀರಿ?

ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಮಾಡಿದ್ದು ಇದನ್ನೇ. ಅಲ್ಲಿ ಸರಾಸರಿ ಪ್ರತಿ 24 ಇಂಧನ ಸಾಗಣೆಗೆ ಒಬ್ಬರು ಸತ್ತರು ಅಥವಾ ಗಾಯಗೊಂಡರು ಅಂತ ಅಮೆರಿಕ ಸೇನೆಯದೇ 2009ರ ಅಧ್ಯಯನ ಹೇಳಿತು. ಪಾಕಿಸ್ತಾನದ ರಸ್ತೆಗಳಲ್ಲಿ ಈ ಟ್ಯಾಂಕರ್ ಓಡಿಸ್ತಿದ್ದವರು ಯಾರು? ಸಂಬಳಕ್ಕೆ ದುಡಿಯುವ ಡ್ರೈವರ್‌ಗಳು. ಕೈಯಲ್ಲಿ ಬಂದೂಕಿಲ್ಲ, ಸತ್ತರೆ ಪದಕವೂ ಇಲ್ಲ. 2011ರ ನವೆಂಬರಿನಲ್ಲಿ ಸಲಾಲಾ ಎಂಬಲ್ಲಿ ನ್ಯಾಟೋ ದಾಳಿಗೆ 24 ಪಾಕಿಸ್ತಾನಿ ಸೈನಿಕರು ಸತ್ತಾಗ, ಪಾಕಿಸ್ತಾನ ಗಡಿಯ ಗೇಟು ಹಾಕಿತು. ಏಳು ತಿಂಗಳು ಕರಾಚಿ ಬಂದರಿನಿಂದ ಹೋಗುವ ಆ ದಾರಿ ಬಂದ್. ಒಂದು ಗುಂಡೂ ಹಾರಿಸದೆ!

ಕರಾಚಿ ಹೆಸರು ಬಂತಲ್ಲ, 1971ರ ಡಿಸೆಂಬರ್ 4ರ ರಾತ್ರಿಯನ್ನೂ ನೆನಪಿಸಿಕೊಳ್ಳಿ. ನಿಪಾತ್, ನಿರ್ಘಾತ್, ವೀರ್ ಎಂಬ ನಮ್ಮ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಮೇಲೆ ಬಿದ್ದವು. ನಾಲ್ಕು ದಿನದ ನಂತರ ಇನ್ನೊಂದು ದಾಳಿ. ವಾಯುಸೇನೆಯೂ ಬಾಂಬು ಹಾಕಿತ್ತು. ಕಿಯಾಮಾರಿಯ ತೈಲ ಟ್ಯಾಂಕುಗಳು ದಿನಗಟ್ಟಲೆ ಉರಿದವು. ಆದರೆ ಗಮನಿಸಿ, ಆ ದೋಣಿಗಳಿಗೆ ದೂರ ಹೋಗುವಷ್ಟು ಇಂಧನ ಸಾಮರ್ಥ್ಯ ಇರಲಿಲ್ಲ. ಹಾಗಾಗಿ ತಂಡದ ಜೊತೆ ‘ಪೋಷಕ್’ ಎಂಬ ತೈಲ ಹಡಗೂ ಹೊರಟಿತ್ತು. ಶತ್ರುವಿನ ಎಣ್ಣೆ ಸುಡೋದಕ್ಕೂ ನಮ್ಮ ಎಣ್ಣೆ ಜೊತೆಗಿರಬೇಕು!

ಈಗ ನಮ್ಮ ಮನೆ ನೋಡಿಕೊಳ್ಳೋಣ. ಕಚ್ಚಾ ತೈಲದಲ್ಲಿ ನೂರಕ್ಕೆ 85 ಭಾಗಕ್ಕಿಂತ ಹೆಚ್ಚು ನಾವು ಹೊರಗಿನಿಂದ ತರಿಸ್ತೀವಿ. ಆಪತ್ತಿಗೆ ಅಂತ ಬಂಡೆ ಕೊರೆದು ನೆಲದಡಿ ಸಂಗ್ರಹ ಮಾಡಿದ್ದೇವೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಮೂರೂ ತುಂಬಿದ್ದರೆ ಸರ್ಕಾರದ ಲೆಕ್ಕದಲ್ಲಿ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ ಸಾಕು. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆ, ನಿಜ. ಆದರೆ ಬಂಡೆಯೊಳಗಿನ ಎಣ್ಣೆ ಅಲ್ಲೇ ಕೂತರೆ ಗಡಿಗೆ ತಲುಪುತ್ತಾ? ರಿಫೈನರಿ, ಪೈಪ್‌ಲೈನ್, ರೈಲು, ಕೊನೆಗೆ ಅದೇ ಲಾರಿ, ಅದೇ ಘಾಟಿ ರಸ್ತೆ.

ಹೊಸ ಯುದ್ಧವಿಮಾನ ಬಂದರೆ ನಾವೆಲ್ಲ ಚಪ್ಪಾಳೆ ಹೊಡೀತೀವಿ. ಹೊಡೀಬೇಕು ಕೂಡ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳೋದನ್ನೂ ಕಲಿಯೋಣ. ಅದಕ್ಕೆ ಎಣ್ಣೆ ತರುವ ದಾರಿಯನ್ನು ಕಾಯೋರು ಯಾರು?