ದಿಂಬದ ಘಟ್ಟದ ದಾರಿ: ಕಾಡೂ ಉಳೀಲಿ, ನಾವೂ ಓಡಾಡೋಣ

(ತಾಳವಾಡಿ ಭಾಗದ ಸಭೆಯೊಂದರಲ್ಲಿ ನಮ್ಮ ಬಳಗದ ಪರವಾಗಿ ಆಡಿದ ಮಾತು)

ನಮ್ಮ ಊರು ತಾಳವಾಡಿ, ನಮ್ಮ ಜಿಲ್ಲಾ ಕೇಂದ್ರ ಈರೋಡು. ನಡುವೆ ಸತ್ಯಮಂಗಲದ ಕಾಡು, ದಿಂಬದ 27 ತಿರುವು. ಕೋಸು, ಟೊಮೆಟೊ ಮಾರೋಕೂ ಅದೇ ದಾರಿ, ಕಚೇರಿ ಕೆಲಸಕ್ಕೂ ಅದೇ ದಾರಿ. 2013ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯ್ತು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರ ನಿಂತಿತು. ನಾವು ಅಂಗಡಿ ಮುಚ್ಚಿ ಬೀದಿಗಿಳಿದೆವು. ಆಮೇಲೆ ಸ್ಥಳೀಯರ ವಾಹನಗಳಿಗೆ ವಿನಾಯಿತಿ ಸಿಕ್ಕಿತು.

ಒಂದು ಮಾತು ಸ್ಪಷ್ಟ ಇರಲಿ: ನಾವು ಪ್ರಾಣಿಗಳ ವಿರೋಧಿಗಳಲ್ಲ. ರಾತ್ರಿ ರಸ್ತೆ ದಾಟೋ ಚಿರತೆ ಲಾರಿಗೆ ಸಿಕ್ಕಿ ಸತ್ರೆ ನಮಗೂ ಸಂಕಟ. ಹಾಸನೂರಿನ ಹತ್ತಿರ ಕಬ್ಬಿನ ಲಾರಿಗೆ ಕಾದು ನಿಲ್ಲೋ ಆನೆಗಳನ್ನ ನಾವೆಲ್ಲ ನೋಡಿದ್ದೀವಿ. ಆನೆಗೆ ಆ ಚಟ ಹಿಡಿಸಿದ್ದು ರಸ್ತೆಗೆ ಕಬ್ಬು ಎಸೆದವರು, ಆನೆಯಲ್ಲ. ಆನೆ ಕಂಡ ಕೂಡಲೇ ಕಾರು ನಿಲ್ಲಿಸಿ ಫೋಟೊ ತೆಗೆಯೋ ಪ್ರವಾಸಿಗರೂ ಅಷ್ಟೇ ತಪ್ಪು ಮಾಡ್ತಿದ್ದಾರೆ.

ಆದ್ರೆ ದೂರದಿಂದ ಬಂದು ಹಾದುಹೋಗೋ ಭಾರಿ ಲಾರಿ ಬೇರೆ, ನೋಡೋಕೆ ಬರೋ ಪ್ರವಾಸಿ ಬೇರೆ, ಇಲ್ಲೇ ಹುಟ್ಟಿ ಬಾಳೋ ಜನ ಬೇರೆ. ಮೂವರಿಗೂ ಒಂದೇ ಗೇಟು, ಒಂದೇ ನಿಯಮ ಅಂದ್ರೆ ಅದು ಯೋಜನೆ ಅಲ್ಲ. ವಿನಾಯಿತಿ ಕಾಗದದಲ್ಲಿದ್ರೆ ಸಾಲದು. ರಾತ್ರಿ ಹೊಟ್ಟೆನೋವು ಬಂದ ಬಸುರಿಯನ್ನ ಕರ್ಕೊಂಡು ಹೋಗುವಾಗ ಗೇಟಿನಲ್ಲಿ ವಾದ ಮಾಡೋ ಹಾಗಿರಬಾರದು.

ಅದಕ್ಕೆ ನಾವು ಕೇಳೋದು ಇಷ್ಟೇ. ಕಾಡು ನೋಡೋ ಪ್ರವಾಸಿಗರು ಸ್ವಂತ ಕಾರು ಬಿಟ್ಟು, ಗೊತ್ತಾದ ಹೊತ್ತಿನಲ್ಲಿ, ಬಸ್ಸಿನಲ್ಲಿ ಹೋಗಲಿ. ಹಗಲು ಊರಿನ ಬಸ್ಸುಗಳು ಹೆಚ್ಚಲಿ. ಬಸ್ಸಿದ್ರೆ ಬೈಕು ತಾನಾಗೇ ಕಡಿಮೆಯಾಗುತ್ತೆ. ಎಚ್ಚರಿಕೆ ಫಲಕಗಳಲ್ಲಿ ತಮಿಳು, ಇಂಗ್ಲಿಷಿನ ಜತೆ ಕನ್ನಡವೂ ಇರಲಿ. ಇಲ್ಲಿನ ಅಜ್ಜಿಗೆ ಓದೋಕೆ ಬರೋದು ಅದೊಂದೇ. ಓದಲಾಗದ ಎಚ್ಚರಿಕೆ ಯಾರನ್ನ ಕಾಪಾಡುತ್ತೆ?

2012ರ ಹುಲಿ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ ಪ್ರವಾಸೋದ್ಯಮಕ್ಕೆ ಸ್ಥಳೀಯ ಸಲಹಾ ಸಮಿತಿ ಇರಬೇಕು ಅಂತಿದೆ. ಅಲ್ಲಿ ನಮ್ಮ ಊರುಗಳ ದನಿಯೂ ಕೇಳಬೇಕು. ಮನವಿಯನ್ನ ಕನ್ನಡದಲ್ಲೇ ಬರೆಯೋಣ. ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಅಹವಾಲು ಕೊಡೋ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಊರೂರಿಂದ ಸಹಿ ಹಾಕಿಸಿ ತನ್ನಿ, ಒಟ್ಟಿಗೆ ಹೋಗಿ ಕೊಟ್ಟು ಬರೋಣ.