ಎಣ್ಣೆ, ಕೊಬ್ಬು ಮತ್ತು ಗಂಡಸರ ಒಂದು ಕ್ಯಾನ್ಸರ್

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಹೇಳಿದಾಗ, ತಾಯಂದಿರನ್ನೂ ತಪ್ಪದೆ ಕರೆಯಿರಿ ಎಂದು ಕೇಳಿಕೊಂಡೆನು. ಗಂಡಸರ ರೋಗದ ಮಾತು ಹೆಂಗಸರಿಗೇಕೆ ಎಂದು ಕೆಲವರು ಅಂದರಂತೆ. ಮನೆಯ ಎಣ್ಣೆ ಸೀಸೆ ಯಾರ ಕೈಯಲ್ಲಿದೆ? ರಾತ್ರಿ ಯಜಮಾನರು ನಾಲ್ಕು ಸಲ ಎದ್ದು ಹೊರಗೆ ಹೋಗಿಬರುವುದು ಮೊದಲು ಯಾರಿಗೆ ತಿಳಿಯುತ್ತದೆ? ಆದುದರಿಂದ ದಯಮಾಡಿ ಇಬ್ಬರೂ ಕೇಳಿರಿ.

ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡಿರುತ್ತದೆ. ಗಾತ್ರ ಒಂದು ಸಣ್ಣ ನಿಂಬೆಹಣ್ಣಿನಷ್ಟು. ವಯಸ್ಸಾದಂತೆ ಅದು ದಪ್ಪವಾಗುವುದು ಸಾಮಾನ್ಯ. ಮೂತ್ರ ತಡೆತಡೆದು ಬರುವುದಕ್ಕೆ ಹೆಚ್ಚಿನವರಲ್ಲಿ ಈ ದಪ್ಪವೇ ಕಾರಣ, ಅದು ಕ್ಯಾನ್ಸರ್ ಅಲ್ಲ. ಇನ್ನು ಕ್ಯಾನ್ಸರ್ ಹುಟ್ಟಿದರೂ ಅನೇಕರಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ, ಅದು ಇದೆಯೆಂದೇ ತಿಳಿಯದೆ ಬೇರೆ ಕಾಯಿಲೆಯಿಂದ ತೀರಿಕೊಳ್ಳುವವರು ಬಹಳ ಮಂದಿ. ಕೆಲವರಲ್ಲಿ ಮಾತ್ರ ಬೆನ್ನುಮೂಳೆ, ಸೊಂಟದ ಮೂಳೆಗಳಿಗೆ ಹರಡಿ ಪ್ರಾಣ ತೆಗೆಯುತ್ತದೆ. ಒಬ್ಬನಲ್ಲಿ ಮಲಗಿರುವ ರೋಗ ಇನ್ನೊಬ್ಬನಲ್ಲಿ ಏಕೆ ಎದ್ದು ನಿಲ್ಲುತ್ತದೆ? ಇದರಲ್ಲಿ ನಾವು ತಿನ್ನುವ ಕೊಬ್ಬಿಗೂ ಪಾಲಿದೆಯೇ? ಇದೇ ಈ ಸಂಜೆಯ ಪ್ರಶ್ನೆ.

ಇದಕ್ಕೆ ಒಂದು ಸುಳಿವು ದೊರೆತದ್ದು, ನಮ್ಮ ಹಿರಿಯರಂತೆಯೇ ತೋಟದ ಕೂಲಿಗಾಗಿ ಊರು ಬಿಟ್ಟವರಿಂದ. 1885ರಿಂದ ಜಪಾನಿನ ಬಡ ರೈತರು ಒಪ್ಪಂದದ ಮೇಲೆ ಹಡಗು ಹತ್ತಿ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋದರು. ಜಪಾನಿನಲ್ಲಿ ಆಗ ಈ ಕ್ಯಾನ್ಸರ್ ಕಡಿಮೆ. ಅನ್ನ, ಮೀನು, ಸೋಯಾ, ತರಕಾರಿ ಅವರ ಊಟ, ಕೊಬ್ಬು ಅಲ್ಪ. ಹವಾಯಿಗೆ ಹೋದವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ತಟ್ಟೆಗೆ ಮಾಂಸವೂ ಬೆಣ್ಣೆಯೂ ಕರಿದ ಪದಾರ್ಥವೂ ಬಂದವು. ಈ ಕ್ಯಾನ್ಸರೂ ಊರಿನಲ್ಲಿ ಉಳಿದವರಿಗಿಂತ ಅವರಲ್ಲಿ ಹೆಚ್ಚಾಯಿತು. 1973ರಲ್ಲಿ, ಎರಡೂ ಕಡೆ ಬೇರೆ ಕಾರಣಗಳಿಂದ ಸತ್ತ ಜಪಾನೀಯರ ಪ್ರಾಸ್ಟೇಟ್ ಗ್ರಂಥಿಗಳನ್ನು ಹೋಲಿಸಿದ ವರದಿಯೊಂದು ಬಂದಿತು. ಸದ್ದಿಲ್ಲದೆ ಕುಳಿತಿದ್ದ ಸಣ್ಣ ಗಂಟುಗಳು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿದ್ದವು. ಸುತ್ತಲೂ ನುಗ್ಗಿ ಬೆಳೆಯುವ ಬಗೆಯ ಗಂಟು ಮಾತ್ರ ಹವಾಯಿಯವರಲ್ಲಿ ಹೆಚ್ಚು. ಬೀಜ ಎರಡೂ ನೆಲದಲ್ಲಿ ಬಿದ್ದಿತ್ತು, ಒಂದು ನೆಲದಲ್ಲಿ ಅದಕ್ಕೆ ಗೊಬ್ಬರ ಸಿಕ್ಕಿತು ಎನ್ನಬಹುದು.

ಆ ಗೊಬ್ಬರ ಕೊಬ್ಬೇ ಎಂದು ಹೇಳಿಬಿಡಲು ಇಷ್ಟೇ ಸಾಲದು. ಊರು ಬಿಟ್ಟವನಿಗೆ ಊಟ ಮಾತ್ರ ಬದಲಾಗುವುದಿಲ್ಲ. ದುಡಿಮೆ, ಮೈತೂಕ, ವೈದ್ಯರ ಹತ್ತಿರ ಹೋಗುವ ರೂಢಿ ಎಲ್ಲವೂ ಬದಲಾಗುತ್ತವೆ.

ಈ ರೋಗಕ್ಕೆ ಮೊದಲ ಆಹಾರ ಗಂಡಸಿನ ದೇಹದ ಹಾರ್ಮೋನು. ಅಮೆರಿಕದ ಷಿಕಾಗೋದಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಎಂಬ ವೈದ್ಯರು, ವೃಷಣಗಳಿಂದ ಬರುವ ಹಾರ್ಮೋನನ್ನು ತಡೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಇಂದಿಗೂ ಚಿಕಿತ್ಸೆಯ ಒಂದು ಮುಖ್ಯ ದಾರಿ ಅದೇ. ಕೊಬ್ಬಿನ ಸ್ಥಾನ ಇದರ ನಂತರದ್ದು.

ಕೊಬ್ಬು ಹೇಗೆ ನೆರವಾದೀತು? ದೇಹದ ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನಿಂದಾದ ತೆಳುವಾದ ಹೊದಿಕೆಯಿದೆ. ಒಂದು ಕೋಶ ಎರಡಾಗಬೇಕಾದರೆ ಹೊಸ ಹೊದಿಕೆ ಬೇಕು. ಬೇಗಬೇಗ ಹೆಚ್ಚುವ ಕ್ಯಾನ್ಸರ್ ಕೋಶಕ್ಕೆ ಕೊಬ್ಬು ಮನೆ ಕಟ್ಟುವ ಇಟ್ಟಿಗೆಯೂ ಹೌದು, ಒಲೆಯ ಸೌದೆಯೂ ಹೌದು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಕೊಬ್ಬನ್ನು ತಾವೇ ತಯಾರಿಸಿಕೊಳ್ಳುತ್ತವೆ, ರಕ್ತದಿಂದಲೂ ಎಳೆದುಕೊಳ್ಳುತ್ತವೆ. 2018ರಲ್ಲಿ ಬಾಸ್ಟನ್ ನಗರದ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅವರ ಇಲಿಗಳಿಗೆ ಪ್ರಾಸ್ಟೇಟ್ ಗಂಟು ಇತ್ತು, ಆದರೆ ಹರಡುತ್ತಿರಲಿಲ್ಲ. ಮಾಮೂಲು ಮೇವು ತೆಗೆದು ಕೊಬ್ಬು ತುಂಬಿದ ಮೇವು ಕೊಟ್ಟಾಗ ಅದು ಬೇರೆ ಅಂಗಗಳಿಗೆ ಹರಡಿತು. ಕೋಶದೊಳಗೆ ಕೊಬ್ಬು ತಯಾರಾಗುವುದನ್ನು ತಡೆಯುವ ಮದ್ದು ಕೊಟ್ಟಾಗ ಆ ಹರಡುವಿಕೆ ತಗ್ಗಿತು. ಮರುವರ್ಷ, 2019ರಲ್ಲಿ, ಪ್ರಾಣಿಕೊಬ್ಬಿನ ಮೇವು ಕ್ಯಾನ್ಸರನ್ನು ಬೆಳೆಸುವ ಒಂದು ವಂಶವಾಹಿಯ ಕೆಲಸವನ್ನು ಜೋರುಮಾಡುತ್ತದೆಂದು ಇನ್ನೊಂದು ವರದಿ ಬಂದಿತು.

ಆದರೆ ಇಲಿ ಇಲಿಯೇ. ಮನುಷ್ಯರ ವಿಷಯದಲ್ಲಿ ಉತ್ತರ ಇಷ್ಟು ಸಲೀಸಾಗಿಲ್ಲ. ಅಮೆರಿಕದ ಸುಮಾರು 48,000 ಗಂಡಸರ ಊಟವನ್ನು ಬರೆದಿಟ್ಟು ಗಮನಿಸಿದವರು, ಹೆಚ್ಚು ಕೊಬ್ಬು, ಅದರಲ್ಲಿಯೂ ದನ ಹಂದಿಗಳ ಮಾಂಸದ ಕೊಬ್ಬು ತಿಂದವರಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಹೆಚ್ಚು ಕಂಡಿತೆಂದು 1993ರಲ್ಲಿ ಹೇಳಿದರು. ಅನಂತರ ಬಂದ ಹಲವು ಅಧ್ಯಯನಗಳಲ್ಲಿ ಈ ನಂಟು ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. 2013ರಲ್ಲಿ, ಅದೇ ಗುಂಪಿನ ಪೈಕಿ ಈ ಕ್ಯಾನ್ಸರ್ ಬಂದಿದ್ದ 4,577 ಮಂದಿಯನ್ನು ನೋಡಿದಾಗ ಬೇರೊಂದು ಸಂಗತಿ ತಿಳಿಯಿತು. ಹಿಟ್ಟು ಸಕ್ಕರೆಗಳ ಒಂದು ಪಾಲಿನ ಬದಲಿಗೆ ಕಡಲೆಬೀಜ ಮೊದಲಾದ ಬೀಜಗಳ ಮತ್ತು ಸಸ್ಯದ ಎಣ್ಣೆಗಳ ಕೊಬ್ಬನ್ನು ತಿಂದವರಲ್ಲಿ ಈ ರೋಗದಿಂದ ಸಾಯುವ ಅಪಾಯ ಕಡಿಮೆ ಇತ್ತು. ಹಾಗಾದರೆ ಎಲ್ಲ ಕೊಬ್ಬನ್ನೂ ಒಂದೇ ಹಗ್ಗದಲ್ಲಿ ಕಟ್ಟುವಂತಿಲ್ಲ.

ಮೀನಿನ ಮಾತು ಕೇಳಿರಿ. ಮತ್ತಿ, ಬಂಗುಡೆಗಳಲ್ಲಿರುವ ಎಣ್ಣೆಗೆ ಒಮೆಗಾ-3 ಎನ್ನುತ್ತಾರೆ. ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಒಮೆಗಾ-6. ಲಾಸ್ ಏಂಜಲೀಸಿನಲ್ಲಿ, ನಿಧಾನ ಬಗೆಯ ಪ್ರಾಸ್ಟೇಟ್ ಕ್ಯಾನ್ಸರಿದ್ದು ವೈದ್ಯರ ಕಣ್ಗಾವಲಿನಲ್ಲಿದ್ದ 100 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಒಂದು ವರ್ಷ ಒಮೆಗಾ-6 ಕಡಿಮೆ ಮಾಡಿ, ಮೀನನ್ನೂ ಮೀನೆಣ್ಣೆ ಗುಳಿಗೆಯನ್ನೂ ತೆಗೆದುಕೊಂಡಿತು. ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಎಂಬುದರ ಅಳತೆ ಆ ಗುಂಪಿನಲ್ಲಿ ಶೇಕಡ 15ರಷ್ಟು ಇಳಿದಿತ್ತು, ಎಂದಿನಂತೆ ಉಂಡವರಲ್ಲಿ ಶೇಕಡ 24ರಷ್ಟು ಏರಿತ್ತು. ಕೊಬ್ಬಿಗೂ ಬೆಳವಣಿಗೆಗೂ ನಂಟಿದೆಯೆಂದು ಮನುಷ್ಯರಲ್ಲಿಯೇ ಕಂಡ ಸಾಕ್ಷಿಗಳಲ್ಲಿ ನನ್ನ ಮಟ್ಟಿಗೆ ಇದು ಒಳ್ಳೆಯದು. ಆದರೂ ಇದ್ದವರು ನೂರೇ ಮಂದಿ. ರಕ್ತಪರೀಕ್ಷೆಯಲ್ಲಿಯೂ ಗಂಟಿನ ದರ್ಜೆಯಲ್ಲಿಯೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿಯಂತೂ, ರಕ್ತದಲ್ಲಿ ಒಮೆಗಾ-3 ಹೆಚ್ಚಿದ್ದವರಿಗೇ ಈ ಕ್ಯಾನ್ಸರ್ ಹೆಚ್ಚು ಬಂದಿತೆಂಬ ವರದಿಯೂ ಇತ್ತು. ಆದುದರಿಂದ ಕೂಲಿ ಹಣ ಸುರಿದು ಮೀನೆಣ್ಣೆ ಗುಳಿಗೆ ಕೊಳ್ಳಬೇಡಿರಿ. ವಿಟಮಿನ್ ಇ ಗುಳಿಗೆಯ ಕಥೆ ಇನ್ನೂ ಕೆಟ್ಟದ್ದು: ಈ ರೋಗವನ್ನು ತಡೆಯಬಹುದೆಂದು 35,000 ಗಂಡಸರ ಮೇಲೆ ಪರೀಕ್ಷೆ ನಡೆಸಿದರು. ಅದನ್ನು ನುಂಗಿದವರಲ್ಲಿಯೇ ರೋಗ ಶೇಕಡ 17ರಷ್ಟು ಹೆಚ್ಚೆಂದು 2011ರಲ್ಲಿ ತಿಳಿಯಿತು. ಮತ್ತಿ ಸಾರು ಉಣ್ಣಿರಿ, ಅದು ಊಟ, ಗುಳಿಗೆ ವ್ಯಾಪಾರ.

ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವ ಮಾತು ಮೈಮೇಲಿನ ಕೊಬ್ಬಿನದು. ಬೊಜ್ಜು ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣವಾಗುತ್ತದೆಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2014ರಲ್ಲಿ ತೀರ್ಮಾನಿಸಿತು. ಎಲೆ ಕಿತ್ತು, ಗುಡ್ಡ ಹತ್ತಿ ಇಳಿಯುವ ನಮಗೆ ಬೊಜ್ಜೇ ಎಂದು ನಗಬೇಡಿರಿ. ಕೆಲಸದಿಂದ ನಿವೃತ್ತರಾಗಿ ಕುಳಿತ ಅಣ್ಣಂದಿರ ಹೊಟ್ಟೆ ನೋಡಿರಿ. ದುಡಿಮೆ ನಿಂತಿದೆ, ಊಟ ನಿಂತಿಲ್ಲ. ಸಂಜೆ ಚಹಾ ಅಂಗಡಿಯ ವಡೆ ಬೋಂಡಾ ಬೇರೆ.

ಮನೆಯ ಲೆಕ್ಕ ಮಾಡೋಣ. ನಾಲ್ವರ ಮನೆಗೆ ತಿಂಗಳಿಗೆ 3 ಲೀಟರ್ ಎಣ್ಣೆಯೆಂದರೆ ತಲೆಗೆ ದಿನಕ್ಕೆ 25 ಮಿಲಿ, ಐದು ಟೀ ಚಮಚ. ಅಷ್ಟರಲ್ಲೇ 200 ಕ್ಯಾಲೊರಿ ಇದೆ. ಒಂದು ಗ್ರಾಂ ಅಕ್ಕಿ ರಾಗಿಯಲ್ಲಿ 4 ಕ್ಯಾಲೊರಿಗಿಂತ ಕಡಿಮೆಯಾದರೆ ಎಣ್ಣೆಯಲ್ಲಿ 9. ಮಲೆಯ ಚಳಿಗೆ ತೆಂಗಿನೆಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟುತ್ತದೆ, ರೇಷನ್ ಅಂಗಡಿಯ ಪಾಮೋಲಿನ್ ಮಂದವಾಗಿ ಬೆಳ್ಳಗಾಗುತ್ತದೆ. ಹೀಗೆ ಗಟ್ಟಿಯಾಗುವ ಕೊಬ್ಬಿಗೆ ವೈದ್ಯರು ಪರ್ಯಾಪ್ತ ಕೊಬ್ಬು ಎನ್ನುತ್ತಾರೆ. ಡಾಲ್ಡಾ, ತುಪ್ಪ, ಮಾಂಸದ ಬಿಳಿ ಕೊಬ್ಬು ಕೂಡ ಗಟ್ಟಿಯಾಗುವಂಥವೇ. ಇವು ಕಡಿಮೆಯಾದರೆ ಹೃದಯಕ್ಕಂತೂ ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ, ಪ್ರಾಸ್ಟೇಟಿಗೂ ಒಳ್ಳೆಯದಿರಬಹುದು. ತೆಂಗಿನೆಣ್ಣೆ ಚೆಲ್ಲಿರಿ ಎಂದು ನಾನು ಹೇಳುವುದಿಲ್ಲ. ಒಗ್ಗರಣೆಗೆ ಒಂದು ಚಮಚ ಸಾಕು, ಮೀನನ್ನು ಕರಿಯುವ ಬದಲು ಸಾರು ಮಾಡಿರಿ, ಮಾಂಸ ಬೇಯಿಸುವ ಮುಂಚೆ ಬಿಳಿ ಕೊಬ್ಬನ್ನು ಕೊಯ್ದು ತೆಗೆಯಿರಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿರಿ. ರೋಗ ಬಂದು ಬಡಕಲಾಗಿರುವ ಮನುಷ್ಯನಿಗೆ ಮೊಟ್ಟೆ, ಮೀನು, ಎಣ್ಣೆ ಎಲ್ಲವನ್ನೂ ನಿಲ್ಲಿಸಿ ಬರೀ ಗಂಜಿ ಕೊಡುವ ಪಥ್ಯ ಅವನನ್ನು ಇನ್ನೂ ಕುಗ್ಗಿಸುತ್ತದೆ. ಹಾರ್ಮೋನು ತಡೆಯುವ ಚಿಕಿತ್ಸೆಯಲ್ಲಿ ಮಾಂಸಖಂಡ ಕರಗುತ್ತದೆ, ಮೂಳೆ ಸವೆಯುತ್ತದೆ, ಹೊಟ್ಟೆಗೆ ಬೊಜ್ಜು ಬರುತ್ತದೆ. ಅಂಥವರಿಗೆ ಬೇಳೆ, ಮೊಟ್ಟೆ, ಮೀನು, ದಿನಾಲು ನಡಿಗೆ ಬೇಕು. ಊಟದಿಂದಲೇ ರೋಗ ಹೋದೀತೆಂದು ಆಸ್ಪತ್ರೆಯ ಚೀಟಿಯನ್ನು ಪೆಟ್ಟಿಗೆಯಲ್ಲಿ ಇಡಬೇಡಿರಿ. ಕಣ್ಗಾವಲಿನಲ್ಲಿದ್ದ 478 ರೋಗಿಗಳನ್ನು ಎರಡು ವರ್ಷ ನೋಡಿ, ತರಕಾರಿ ಹೆಚ್ಚು ತಿಂದವರಲ್ಲಿಯೂ ರೋಗ ಮುಂದುವರಿಯುವುದು ನಿಲ್ಲಲಿಲ್ಲವೆಂದು 2020ರಲ್ಲಿ ವರದಿಯಾಗಿದೆ.

ಐವತ್ತು ದಾಟಿದ ಅಣ್ಣಂದಿರೇ, ಮೂತ್ರದ ಧಾರೆ ಸಣ್ಣಗಾದರೆ, ರಾತ್ರಿ ಪದೇಪದೇ ಏಳಬೇಕಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಸೊಂಟ ಬೆನ್ನುಮೂಳೆ ನೋವು ವಾರಗಟ್ಟಲೆ ಬಿಡದಿದ್ದರೆ ಒಂದು ದಿನದ ಕೂಲಿ ಹೋದರೂ ಹೋಗಲಿ, ವೈದ್ಯರಿಗೆ ತೋರಿಸಿರಿ. ಅವರು ಬೆರಳಿನಿಂದ ಪರೀಕ್ಷಿಸುತ್ತಾರೆ, ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಬರೆದುಕೊಡಬಹುದು. ಆ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಗ್ರಂಥಿ ದಪ್ಪವಾದರೂ ಸೋಂಕಾದರೂ ಅದು ಏರುತ್ತದೆ. ತಾಯಂದಿರೇ, ಯಜಮಾನರು ಹೇಳಲು ನಾಚಿದರೆ ನೀವೇ ಜೊತೆಗೆ ಹೋಗಿ ಹೇಳಿರಿ. ಕೂಟ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಕೇಳಬೇಕಾದವರು ಒಬ್ಬೊಬ್ಬರಾಗಿ ಬರಬಹುದು.